ಫಲಕದಲ್ಲಿ ಇಲ್ಲದ ಊರು

ನಮ್ಮಪ್ಪ ನಯೀಮ್ ಬಾಗ್ದಾದಿನಲ್ಲಿ ಹುಟ್ಟಿದ ಯಹೂದಿ. ಒಂಬತ್ತನೇ ವಯಸ್ಸಿಗೆ ಮನೆಮಠ ಕಳೆದುಕೊಂಡು ಇಸ್ರೇಲಿಗೆ ಬಂದು, ಮೂರು ವರ್ಷ ಡೇರೆಯಲ್ಲಿ ಬೆಳೆದವರು. ಮುಂದೆ ಗಲಿಲೀ ಗುಡ್ಡದಲ್ಲಿ ಕಾಡಿನ ಕಾವಲುಗಾರರಾದರು. ಅಲ್ಲಿನ ಪೈನ್ ಮರಗಳ ನಡುವೆ ದೇರ್ ಸುಮ್ಮಾಕ್ ಎಂಬ ಅರಬರ ಊರಿನ ಕಲ್ಲುಗಳಿದ್ದವು. ಇಸ್ರೇಲ್ ಹುಟ್ಟಿದಾಗಿನ, ಸಾವಿರದ ಒಂಬೈನೂರ ನಲವತ್ತೆಂಟರ ಯುದ್ಧದಲ್ಲಿ ಖಾಲಿಯಾದ ಊರು ಎನ್ನುತ್ತಿದ್ದರು ಅಪ್ಪ. ಖಾಲಿ ಮಾಡಿಸಿದ ಊರು ಎನ್ನುತ್ತಿದ್ದರು ವಸ್ಫಿಯಾ.

ವಸ್ಫಿಯಾ ಆ ಊರಿನ ಮಗಳು. ಪ್ರತಿ ವಸಂತದಲ್ಲೂ ಬಸ್ಸಿನಲ್ಲಿ ಬಂದು ತಾಯಿಯ ಗೋರಿಯ ಕಳೆ ಕೀಳುತ್ತಿದ್ದರು. ಅಪ್ಪ ನೀರು ಕೊಟ್ಟು, ಅರಬ್ಬಿಯಲ್ಲೇ ಜಗಳಕ್ಕೆ ಕೂರುತ್ತಿದ್ದರು. ಅರಬರ ರೂಢಿಯಂತೆ ಇಬ್ಬರೂ ಒಬ್ಬರನ್ನೊಬ್ಬರು ಹಿರಿಮಗನ ಹೆಸರು ಹಿಡಿದು ಕರೆಯುತ್ತಿದ್ದರು.

"ಬಾಗ್ದಾದಲ್ಲಿ ನಮ್ಮನೆ ಕಿತ್ಕೊಂಡೋರು ನಿಮ್ಮೋರೇ ಅಲ್ವಾ, ಅದೀಬನ ಅಮ್ಮ?"

"ನಾನು ಬಾಗ್ದಾದ್ ಕಣ್ಣಲ್ಲೂ ಕಂಡಿಲ್ಲ, ಇಲಾನನ ಅಪ್ಪ. ಅದಕ್ಕೆ ನನ್ನ ಮನೆ ಯಾಕೆ ಹೋಗ್ಬೇಕಿತ್ತು?"

ಇಲಾನ್ ನನ್ನ ಅಣ್ಣ. ಲೆಬನಾನಿನ ಯುದ್ಧದಲ್ಲಿ ಸತ್ತ. ಅದು ಗೊತ್ತಿದ್ದೂ ವಸ್ಫಿಯಾ ಅಪ್ಪನನ್ನು ಹಾಗೆಯೇ ಕರೆಯುತ್ತಿದ್ದರು. ಹಾಗೆ ಕರೆಯುವವರು ಬೇರೆ ಯಾರೂ ಉಳಿದಿರಲಿಲ್ಲ.

ಒಂದು ವರ್ಷ ಅಪ್ಪನ ಅರಣ್ಯ ಕಚೇರಿಯವರು ಅಲ್ಲಿ ಫಲಕ ನೆಟ್ಟರು: 'ಪ್ರಾಚೀನ ಕಲ್ಲುಕಟ್ಟೆಗಳು.' ಹೀಬ್ರೂವಿನಲ್ಲಿದ್ದ ಅದನ್ನು ಅಪ್ಪ ವಸ್ಫಿಯಾಗೆ ಓದಿ ಹೇಳಿದರು.

"ನಮ್ಮಪ್ಪ ಕಟ್ಟಿದ್ದು, ಕಲ್ಲು ಹೊತ್ತೋಳು ನಾನು," ಎಂದರು ವಸ್ಫಿಯಾ. "ನಾನೂ ಪ್ರಾಚೀನಾನಾ?"

ಅಪ್ಪ ನಕ್ಕರು. ಆದರೆ ಆ ಮಾತು ಅವರನ್ನು ಬಿಡಲಿಲ್ಲ. ವಸ್ಫಿಯಾಗೆ ಹೇಳಿಯೇ, ಫಲಕದಲ್ಲಿ ಊರಿನ ಹೆಸರನ್ನೂ ಬರೆಸಿ ಎಂದು ಕಚೇರಿಗೆ ಅರ್ಜಿ ಹಾಕಿದರು. ಸುದ್ದಿ ಕಿವಿಗೆ ಬಿದ್ದ ದಿನ ಅಮ್ಮ ತಟ್ಟೆ ಮುಂದಿಟ್ಟು ಕೇಳಿದಳು: "ನಮ್ಮ ಮಗ ಯಾವುದಕ್ಕೆ ಸತ್ತ ಹಾಗಾದ್ರೆ? ಕದ್ದ ನೆಲಕ್ಕಾ?"

"ಹಾಗಲ್ಲ ಕಣೇ," ಎಂದರು ಅಪ್ಪ. ಮರುದಿನವೇ ಅರ್ಜಿ ಹಿಂದಕ್ಕೆ ಪಡೆದರು.

ಮುಂದಿನ ವಸಂತದಲ್ಲಿ ಅರ್ಜಿ ಏನಾಯಿತೆಂದು ವಸ್ಫಿಯಾ ಕೇಳಿದಾಗ, ಹಿಂದಕ್ಕೆ ಪಡೆದದ್ದನ್ನು ಅಪ್ಪ ಮುಚ್ಚಿಡಲಿಲ್ಲ. ವಸ್ಫಿಯಾ ನೀರು ಕುಡಿಯದೆ ಚೀಲ ಎತ್ತಿಕೊಂಡು ಹೋದರು. ಮತ್ತೆ ಬರಲಿಲ್ಲ.

ಎರಡು ವರ್ಷದ ನಂತರ ಅವರ ಸಾವಿನ ಸುದ್ದಿ ಬಂತು. ಅಪ್ಪ ನನ್ನನ್ನು ಕರೆದುಕೊಂಡು ಸಾವಿನ ಮನೆಗೆ ಹೋದರು. ಮಗ ಅದೀಬ್ ಸಾವಿನ ಮನೆಯ ರೂಢಿಯಂತೆ ಸಕ್ಕರೆಯಿಲ್ಲದ ಕಾಫಿ ಕೊಟ್ಟು, ಯಾರೆಂದು ಕೇಳಿದ.

"ಕಾಡಿನ ಕಾವಲಿನವನು."

ಅದೀಬ್ ಅಪ್ಪನ ಎದುರಿಗೆ ಕೂತ. "ಅಮ್ಮನಿಗೆ ನಿಮ್ಮ ಮೇಲೆ ಸಿಟ್ಟಿತ್ತು."

"ಗೊತ್ತಪ್ಪ."

"ನಿಮ್ಮೋರಲ್ಲಿ ಬೇರೆ ಯಾರ ಮೇಲೂ ಸಿಟ್ಟು ಮಾಡ್ಕೊಳ್ಳೋದನ್ನ ಅವಳು ಯಾವಾಗ್ಲೋ ಬಿಟ್ಟಿದ್ಲು. ಅವರಿಂದ ಅವಳು ಏನೂ ಬಯಸ್ತಿರ್ಲಿಲ್ಲ."

ಅಪ್ಪ ಕಾಫಿ ಮುಗಿಸಿದರು.