ಹಡಗು ಹತ್ತದ ಅರವತ್ತು ರೊಟ್ಟಿ

ಬಲ ಮೊಣಕಾಲಿನ ಕೀಲು ಬದಲಿಸಿದ ಮೇಲೆ ನಾನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಗುರುತಿನ ಪಕ್ಕದಲ್ಲೇ ಇನ್ನೊಂದು ಅಂಕಿ ಬರೆಯತೊಡಗಿದೆ. ಆ ದಿನ ಕಾಲು ಎಷ್ಟು ಡಿಗ್ರಿ ಮಡಚಿತು ಎಂಬ ಅಂಕಿ. ಬೈಲಹೊಂಗಲದ ನಮ್ಮ ಮನೆಗೆ ದಿನಾ ಹತ್ತು ಗಂಟೆಗೆ ವ್ಯಾಯಾಮ ಮಾಡಿಸುವವರೊಬ್ಬರು ಬರುತ್ತಿದ್ದರು. ನನ್ನದೇ ವಯಸ್ಸಿನ ಗೃಹಸ್ಥರು. ನಾನು ಹಲ್ಲು ಕಚ್ಚಿಕೊಂಡು ಕಾಲು ಮಡಚಿದಾಗ ಪ್ಲಾಸ್ಟಿಕ್ಕಿನ ಅಳತೆಪಟ್ಟಿ ಹಿಡಿದು ಓದುವರು. ನಲವತ್ತು. ನಲವತ್ತಾರು. ಐವತ್ತೆಂಟು. ಬೆಳಗಾವಿಯ ಡಾಕ್ಟರು ಹೇಳಿ ಕಳಿಸಿದ್ದು ಒಂದೇ ಮಾತು: ಆರು ವಾರದೊಳಗೆ ತೊಂಬತ್ತು ಆಗಬೇಕು. ಆಗದಿದ್ದರೆ ಮತ್ತೆ ಮತ್ತು ಬರಿಸಿ, ಒಳಗೆ ಬಿಗಿದದ್ದನ್ನು ಜೋರಿನಿಂದ ಬಿಡಿಸಬೇಕು. ಅದನ್ನು ಕೇಳಿದ ದಿನದಿಂದ ತೊಂಬತ್ತು ಬಿಟ್ಟು ಬೇರೆ ಯಾವ ಅಂಕಿಯೂ ನನಗೆ ಬೇಕಿರಲಿಲ್ಲ. ನಾಲ್ಕನೆಯ ವಾರದ ಕೊನೆಗೆ ಎಪ್ಪತ್ತೆಂಟಕ್ಕೆ ಬಂದಿದ್ದೆ.

ಐದನೆಯ ವಾರದಲ್ಲಿ ಹಡಗು ಬಂತು.

ರಾಮದುರ್ಗದ ನನ್ನ ನಾದಿನಿಯ ಮದುವೆಗೆ ಇಪ್ಪತ್ತೈದು ವರ್ಷ ತುಂಬಿತ್ತು. ಅವಳು, ಅವಳ ಗಂಡ, ನಾನು, ನಮ್ಮ ಮನೆಯವರು, ನಾಲ್ವರಿಗೂ ಮುಂಬೈಯಿಂದ ಮೂರು ರಾತ್ರಿಯ ಹಡಗಿನ ಪ್ರವಾಸ. ಟಿಕೆಟ್ ತೆಗೆಸಿದಾಗ ನನ್ನ ಆಪರೇಷನ್ನಿನ ಮಾತೇ ಇರಲಿಲ್ಲ. ನಮ್ಮ ಮನೆಯವರು ಡಾಕ್ಟರಿಗೆ ಫೋನ್ ಮಾಡಿ, “ಸಾಹೇಬ್ರ, ಈಕಿ ಹಡಗ ಹತ್ತಬಹುದೇನ್ರಿ?” ಎಂದು ಕೇಳಿದರು. ಹತ್ತಬಹುದು, ವ್ಯಾಯಾಮ ತಪ್ಪಿಸಬಾರದು, ಬಹಳ ಹೊತ್ತು ನಿಲ್ಲಬಾರದು ಎಂದರಂತೆ. ರೊಟ್ಟಿ ಬಡಿಯಬಹುದೇ ಎಂದು ಮಾತ್ರ ಯಾರೂ ಕೇಳಲಿಲ್ಲ.

ನನಗೂ ಆಸೆಯಿತ್ತು. ಅಲ್ಲಿಯವರೆಗೆ ನಾನು ಕಂಡ ದೊಡ್ಡ ನೀರೆಂದರೆ ಸವದತ್ತಿಯ ಡ್ಯಾಮಿನ ಹಿನ್ನೀರು.

ಹೊರಡುವ ಮೂರು ದಿನ ಮೊದಲು ನಾದಿನಿ ಫೋನ್ ಮಾಡಿದಳು.

“ವೈನಿ, ಹಡಗಿನ್ಯಾಗ ಮೀನ ಕರದ ಎಣ್ಣ್ಯಾಗ ನಮಗೂ ಕರದ ಕೊಡ್ತಾರಂತ. ಏನ್ ಉಪವಾಸ ಬೀಳೂದ? ಒಂದ ಅರವತ್ತ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಇದ್ರ ಚಿಂತಿ ಇಲ್ಲ ನೋಡ್ರಿ.”

“ಪೇಟ್ಯಾಗಿಂದ ತರಸೂಣು ತಗೋ,” ಎಂದೆ.

“ಅಯ್ಯ, ಪೇಟಿ ರೊಟ್ಟಿ ಅಣ್ಣ ಮುಟ್ಟತಾನೇನ್ರಿ? ನಿಮ್ಮ ಕೈಯಾಗಿನ ರೊಟ್ಟಿ ಅಂದ್ರ ಹಪ್ಪಳದಂಗ ಇರ್ತಾವು. ನನಗೆಲ್ಲಿ ಬರ್ತಾವ್ರಿ!”

ಈ ಹೊಗಳಿಕೆಗೆ ನಾನು ಸೊಸೆಯಾಗಿ ಬಂದಾಗಿನಿಂದ ಸೋಲುತ್ತ ಬಂದವಳು. ಆಗಲ್ಲ ಎನ್ನಲು ಬಾಯಿತ್ತು, ಅನ್ನಲಿಲ್ಲ. ಆ ತಪ್ಪು ನನ್ನದೇ.

ನೆಲಕ್ಕೆ ಕೂಡುವಂತಿರಲಿಲ್ಲವಾದ್ದರಿಂದ ಗ್ಯಾಸಿನ ಕಟ್ಟೆಯ ಮುಂದೆ ನಿಂತೇ ಬಡಿದೆ. ಭಾರವನ್ನೆಲ್ಲ ಎಡಗಾಲಿಗೆ ಹಾಕಿ, ಬಲಗಾಲನ್ನು ಕಟ್ಟಿಗೆಯಂತೆ ನೀಟ ಬಿಟ್ಟು, ಎರಡು ದಿನ. ನಡುನಡುವೆ ನಮ್ಮ ಮನೆಯವರು ಒಳಗೆ ಬಂದು, “ಒಂದ ಬಿಸೀದ ಕೊಡ,” ಎಂದು ನಿಂತಲ್ಲೇ ತಿಂದು ಹೋಗುವರು. ವ್ಯಾಯಾಮದವರು ಬಂದರೆ, “ಕೈ ಹಿಟ್ಟಾಗ್ಯಾವ್ರಿ, ನಾಳೆ ಬರ್ರಿ,” ಎಂದು ಕಳಿಸಿದೆ. ಮರುದಿನವೂ ಅದೇ ಮಾತು. ಅವರು ಬುಟ್ಟಿಯಲ್ಲಿ ಪೇರಿಸಿಟ್ಟ ರೊಟ್ಟಿ ನೋಡಿ ನಕ್ಕರು.

“ಅಕ್ಕಾರ, ರೊಟ್ಟಿ ಖಡಕ್ ಆದ್ರ ಮುರಕೊಂಡ ತಿನ್ನಬಹುದು. ಮೊಣಕಾಲ ಖಡಕ್ ಆದ್ರ ಏನ್ ಮಾಡ್ತೀರಿ?”

ನಾನೂ ನಕ್ಕೆ. ಸಂಜೆಗೆ ಮೊಣಕಾಲು ಕುಂಬಳಕಾಯಿಯಂತೆ ಊದಿತ್ತು. ಕ್ಯಾಲೆಂಡರಿನಲ್ಲಿ ಆ ಎರಡೂ ಮನೆ ಖಾಲಿ ಉಳಿದವು.

ಮುಂಬೈಯ ಬಂದರಿನಲ್ಲಿ ನನ್ನನ್ನು ಗಾಲಿಕುರ್ಚಿಯಲ್ಲಿ ಕೂರಿಸಿದರು. ಗಾಲಿಕುರ್ಚಿಯವರಿಗೆ ಬೇರೆ ದಾರಿ. ನನ್ನ ಹಿಂದೆ ಉಳಿದ ಮೂವರೂ ಅದರಲ್ಲೇ ನುಗ್ಗಿದರು. “ವೈನಿ ಕಾಲಿನಿಂದ ನಮ್ಮ ಪಾಳಿ ಲಗೂ ಬಂತ ನೋಡ,” ಎಂದು ನಾದಿನಿ ಗಂಡನಿಗೆ ಹೇಳಿದ್ದು ನನಗೆ ಕೇಳಿಸಿತು. ಸಾಮಾನು ನೋಡುವ ಮಷೀನಿನ ಹತ್ತಿರ ಕಾವಲಿನವನು ರೊಟ್ಟಿಯ ಗಂಟು ಬಿಚ್ಚಿಸಿದ. ಮನೆಯ ಅಡುಗೆ ಒಳಗೆ ಹೋಗುವಂತಿಲ್ಲ ಎಂದು ಹಿಂದಿಯಲ್ಲಿ ಹೇಳಿ, ಟಿಕೆಟ್ಟಿನ ಹಿಂದೆ ಅಚ್ಚಾದ ಸಾಲಿಗೆ ಬೆರಳು ಇಟ್ಟು ತೋರಿಸಿದ. ಆ ಟಿಕೆಟ್ಟು ನಾಲ್ಕು ತಿಂಗಳಿಂದ ನಮ್ಮ ಮನೆಯವರ ಕಪಾಟಿನಲ್ಲಿತ್ತು. ಅವರು ಸ್ವಲ್ಪ ಹೊತ್ತು ವಾದ ಮಾಡಿದರು. ಹಿಂದೆ ಜನ ಗೊಣಗತೊಡಗಿದರು.

“ಹೋಗ್ಲಿ ಬಿಡ ಅಣ್ಣಾ,” ಎಂದಳು ನಾದಿನಿ, “ರೊಟ್ಟಿ ಏನ್ ಬಂಗಾರೇನ?”

ಬಿಳಿ ಧೋತರದ ತುಂಡಿನಲ್ಲಿ ಕಟ್ಟಿದ್ದ ಅರವತ್ತು ರೊಟ್ಟಿಯನ್ನು ನಮ್ಮ ಮನೆಯವರು ಗೋಡೆಯ ಪಕ್ಕದ ಕಸದ ಡಬ್ಬಿಯ ಮೇಲೆ ಇಟ್ಟು ಬಂದರು. ಕುರ್ಚಿ ತಳ್ಳುವವನು ನನ್ನನ್ನು ಮುಂದಕ್ಕೆ ಒಯ್ದ. ಗೋಣು ತಿರುಗಿಸಿದೆ, ಗಂಟು ಕಾಣಲಿಲ್ಲ.

ಹಡಗಿನಲ್ಲಿ ಸಸ್ಯಾಹಾರದ ಊಟಕ್ಕೆ ಬೇರೆ ಸಾಲೇ ಇತ್ತು. ಮೂರು ಬಗೆಯ ಪಲ್ಯ, ನಾಲ್ಕು ಬಗೆಯ ಸಿಹಿ. ನಮ್ಮವರು ಎರಡೆರಡು ಸಲ ಹಾಕಿಸಿಕೊಂಡರು. ನಾನು ಹೆಚ್ಚು ಹೊತ್ತು ಕೋಣೆಯಲ್ಲೇ ಇದ್ದೆ. ಬಚ್ಚಲಿಗೆ ಗೇಣೆತ್ತರದ ಹೊಸ್ತಿಲು. ಅದನ್ನು ದಾಟುವುದೇ ನನ್ನ ವ್ಯಾಯಾಮವಾಯಿತು. ಟವೆಲ್ಲನ್ನು ಪಾದಕ್ಕೆ ಸಿಕ್ಕಿಸಿ ಎಳೆದುಕೊಂಡರೆ ಊದಿದ ಕಾಲು ಅರ್ಧಕ್ಕೇ ನಿಲ್ಲುತ್ತಿತ್ತು. ಹಿಂದಿನಿಂದ ಒತ್ತಲು ಒಬ್ಬರು ಬೇಕು. ನಮ್ಮ ಮನೆಯವರನ್ನು ಕರೆದೆ. “ಮ್ಯಾಲ ಹಾಡು ಹಚ್ಯಾರ, ಬಂದ ಒತ್ತತೇನಿ,” ಎಂದು ಹೋದರು. ಬಂದಾಗ ನಿದ್ದೆ ಬಂದಿತ್ತು, ಅವರಿಗೆ. ಸಮುದ್ರವನ್ನು ದುಂಡು ಕಿಟಕಿಯಿಂದ ನೋಡಿದೆ. ಅಲುಗಾಡುವ ನೀರು, ಅಷ್ಟೆ.

ಊರಿಗೆ ಬಂದು ನಾಲ್ಕನೆಯ ದಿನಕ್ಕೆ ಆರು ವಾರ ತುಂಬಿತು. ಬೆಳಗಾವಿಯ ಡಾಕ್ಟರು ಅಳತೆಪಟ್ಟಿ ಹಿಡಿದು ಅರವತ್ತೆರಡು ಎಂದರು. ನನ್ನ ಮುಖ ನೋಡಿದರು. ನಾನು ಬಾಯಿ ತೆರೆಯುವ ಮೊದಲೇ ನಮ್ಮ ಮನೆಯವರು ಹೇಳಿದರು: “ಹಡಗಿನ್ಯಾಗ ಬರೇ ಮಲಗಿದ್ಲ್ರೀ ಸಾಹೇಬ್ರ. ಎಷ್ಟ ಹೇಳಿದ್ರೂ ಏಳಲಿಲ್ಲ.”

ಮತ್ತು ಬರಿಸಿ ಕಾಲು ಮಡಚಿದರು. ಎಚ್ಚರವಾದ ಮೇಲಿನ ನೋವನ್ನು ಬರೆಯುವುದಿಲ್ಲ.

ನನ್ನನ್ನು ನೋಡಿಕೊಳ್ಳಲೆಂದು ನಾದಿನಿ ರಾಮದುರ್ಗದಿಂದ ಬಂದಳು. ಚೀಲದಿಂದ ನಾಲ್ಕು ಪ್ಲಾಸ್ಟಿಕ್ ಪಾಕೀಟು ತೆಗೆದು ಕಟ್ಟೆಯ ಮೇಲಿಟ್ಟಳು. ಪೇಟೆಯ ಖಡಕ್ ರೊಟ್ಟಿ. “ನಿಮಗ್ಯಾಕ ತ್ರಾಸ ಅಂತ ತಂದೆ ವೈನಿ.”

ಮಧ್ಯಾಹ್ನ ನಮ್ಮ ಮನೆಯವರು ಊಟಕ್ಕೆ ಕೂತರು. ನಾನು ಒಳಗಿನ ಮಂಚದ ಮೇಲೆ, ಹೊಸದಾಗಿ ಊದಿದ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಕೇಳುತ್ತಿದ್ದೆ. ಮೊದಲನೆಯ ರೊಟ್ಟಿ ಮುರಿದ ಸಪ್ಪಳ. ಎರಡನೆಯದು. ಮೂರನೆಯದು.

“ಛಲೋ ಅದಾವಲ್ಲ,” ಎಂದರು. “ಎಲ್ಲೆ ತಗೊಂಡಿ?”