ರಾಯಚೂರಿನಲ್ಲಿ ಬಿಸಿಲಿನ ಬರ

ಗೆಳೆಯರೇ, ಬಿಸಿಲಿಗೇ ಹೆಸರಾದ ನಮ್ಮ ರಾಯಚೂರಿನಲ್ಲಿ ಇವತ್ತು ಅಜ್ಜಿಗೆ ಒಂದಿಷ್ಟು ಬಿಸಿಲು ಕೊಡಿಸಲು ನಾನು ಹೋರಾಡಬೇಕಾಯಿತು.

ಅವಳ ಕೈಕಾಲಿನ ಕೀಲುಗಳು ಬಾತು ಬಹಳ ದಿನವಾಯಿತು. ಯಾರಾದರೂ ಹಿಡಿಯದೆ ಏಳಲಾರಳು. ನಿನ್ನೆ ದವಾಖಾನೆಯ ಡಾಕ್ಟರು, "ಮೈಯಾಗ ವಿಟಮಿನ್ ಡಿ ಕಮ್ಮಿ ಇದ್ದಂಗ ಅದ. ಈ ಮಹಾಯುದ್ಧದ ಸಲುವಾಗಿ ವಿಲಾಯತಿ ಮೀನೆಣ್ಣಿ ಸಿಗವಲ್ದು. ದಿನಾ ಮುಂಜಾನಿ ಬಿಸಲಿಗೆ ಕೂಡಸ್ರಿ, ಎಲುಬಿಗರೆ ಬಲ ಬರ್ತದ" ಎಂದಿದ್ದರು.

ಅಂಗಳದಲ್ಲಿ ಹೊರಸು ಹಾಕಿ ಕೂಡಿಸಿದೆವು. ಕೂಡಲೇ ಅವ್ವ ಓಡಿಬಂದು ಛತ್ರಿ ಹಿಡಿದಳು. ಎದುರುಮನೆಯ ಕಾಕಾ, "ಏನಲೇ, ಮುದುಕಿನ್ನ ಮೆಣಸಿನಕಾಯಿ ಮಾಡೀಯೇನು, ಒಣಗಿಸಾಕತ್ತಿ?" ಎನ್ನುತ್ತ ಹೊರಸಿನ ಸಮೇತ ಬೇವಿನ ನೆರಳಿಗೆ ಎಳೆದ. ನಾನು ನ್ಯಾಯಾಧೀಶನ ಗತ್ತಿನಲ್ಲಿ ಡಾಕ್ಟರ ಅಪ್ಪಣೆ ಸಾರಿ, ಮತ್ತೆ ಬಿಸಿಲಿಗೆ ತಂದೆ. ಛತ್ರಿಯೂ ಹಿಂದೆಯೇ ಬಂತು.

"ನಮ್ಮ ಕುರ್ಡಿ ಊರಿನ ಹೊಲದಾಗ ಹತ್ತಿ ಬಿಡಸುವಾಗ ನನಗ ಯಾರೂ ಛತ್ರಿ ಹಿಡೀಲಿಲ್ಲ, ತಗಿಯವ್ವಾ" ಎಂದಳು ಅಜ್ಜಿ.

ಅವ್ವ ಛತ್ರಿ ಮಡಚಿದಳು. ಅಜ್ಜಿ ಕಣ್ಣುಮುಚ್ಚಿ ಮುಖವನ್ನು ಬಿಸಿಲಿಗೆ ಒಡ್ಡಿದಳು.

"ಹೆಂಗ ಅದ ಆಯಿ, ಕುರ್ಡಿ ಬಿಸಲೇ ಹೌದಲ್ಲೋ?" ಎಂದು ಕೇಳಿದೆ.

"ಬಿಸಲು ಅದೇ ಅದ. ಅಲ್ಲಿ ನಾ ಮುಂದ ಹಾಡಿದ್ರ ಸಾಲಿನ ಹೆಣ್ಮಕ್ಕಳೆಲ್ಲಾ ಹಿಂದ ಸೊಲ್ಲು ಎತ್ತತಿದ್ರು. ಇಲ್ಲಿ ಬರೇ ಬಿಸಲು."

ಡಾಕ್ಟರು ಹಾಡು ಬರೆದುಕೊಟ್ಟಿರಲಿಲ್ಲ. ಆ ಕೊರತೆ ನೀಗಲೆಂದು ನಾನೇ ಎದ್ದುನಿಂತು ದನಿ ಎತ್ತಿದೆ. ಎರಡನೆಯ ಸೊಲ್ಲಿಗೆ ಅಜ್ಜಿ ಯಾರ ಕೈಯನ್ನೂ ಹಿಡಿಯದೆ ಎದ್ದು ಒಳಗೆ ನಡೆದಳು.

ಅವ್ವ ಇದನ್ನು ವಿಟಮಿನ್ನಿನ ಮಹಿಮೆ ಎಂದು ಓಣಿಗೆಲ್ಲ ಹೇಳುತ್ತಿದ್ದಾಳೆ. ನಾನು ವಿನಯದಿಂದ ಸುಮ್ಮನಿದ್ದೇನೆ.