ಲಗ್ನದ ಕೊಡದ ಮೇಲಿನ ಹೆಸರು

ವಿಜಯಪುರದ ಸುತ್ತಲಿನ ಅರ್ಧಕ್ಕರ್ಧ ಹೆಣ್ಣುಮಕ್ಕಳ ಹೆಸರು ಸೈಫುದ್ದೀನನಿಗೆ ಗೊತ್ತು, ಮುಖ ಮಾತ್ರ ಗೊತ್ತಿಲ್ಲ. ಸ್ಟೇಷನ್ ರಸ್ತೆಯಲ್ಲಿ ರೇವಪ್ಪನ ಭಾಂಡೆ ಅಂಗಡಿಯ ಮೆಟ್ಟಿಲ ಮೇಲೆ ಕುಳಿತು, ಮೂವತ್ತೊಂದು ವರ್ಷದಿಂದ ಲಗ್ನದ ಕೊಡ, ಹಿಟ್ಟು ನಾದುವ ಪರಾತ, ಡಬ್ಬಿಗಳ ಮೇಲೆ ಹೆಸರು ಕೆತ್ತುತ್ತ ಬಂದವನು ಅವನು. ಒಂದು ಸಣ್ಣ ಉಳಿ, ಒಂದು ಸಣ್ಣ ಸುತ್ತಿಗೆ. ಚೀಟಿಯಲ್ಲಿ ಬರೆದುಕೊಟ್ಟ ಹೆಸರನ್ನು ಟಕಟಕ ಎಂದು ಚುಕ್ಕಿ ಚುಕ್ಕಿಯಾಗಿ ಪಾತ್ರೆಯ ಮೇಲೆ ಇಳಿಸುವುದು, ಕೆಳಗೆ ತಾರೀಖು ಹಾಕುವುದು. ಇಷ್ಟೇ ಅವನ ಉದ್ಯೋಗ, ಇದರಲ್ಲೇ ಅವನ ಸಂಸಾರ.

ರೇವಪ್ಪ ತೀರಿಕೊಂಡು ಆರು ವರ್ಷವಾಗಿ, ಅಂಗಡಿಗೆ ಬೀಗ ಬಿದ್ದಿದ್ದರೂ ಸೈಫುದ್ದೀನ ಮೆಟ್ಟಿಲು ಬಿಟ್ಟಿರಲಿಲ್ಲ. ಆ ಸಾಲೇ ಹಾಗೆ, ಯಾರಿಗೂ ಬೇಡವಾದದ್ದು. ರೈಲು ಹಳಿಗೆ ಬೆನ್ನು ಮಾಡಿ ನಿಂತ ಹಳೆಯ ಗೋದಾಮುಗಳು, ಶಟರ್ ಎಳೆದ ಅಂಗಡಿಗಳು, ಗಟಾರದ ದಂಡೆಗೆ ಜಾಲಿ ಕಂಟಿ. ಇಷ್ಟು ವರ್ಷ ಹೊರಳಿ ನೋಡದಿದ್ದ ದೊಡ್ಡವರಿಗೆ ಈಗ ಒಮ್ಮೆಲೇ ಅದರ ಮೇಲೆ ಪ್ರೀತಿ ಉಕ್ಕಿತ್ತು. ಸ್ಟೇಷನ್ನಿನಿಂದ ಹಿಡಿದು ಇಡೀ ಸಾಲು ಹೊಸದಾಗುತ್ತದೆ ಎಂದು ದೊಡ್ಡ ಬೋರ್ಡು ನಿಲ್ಲಿಸಿದ್ದರು. ಬೋರ್ಡಿನ ಚಿತ್ರದಲ್ಲಿ ಹಸಿರು ಗಿಡ, ಕಲ್ಲಿನ ಬೆಂಚು, ಕಾಫಿ ಕುಡಿಯುತ್ತ ನಗುವ ಜನ ಇದ್ದರು. ಸೈಫುದ್ದೀನ ಆ ಚಿತ್ರದಲ್ಲಿ ನೆಲದ ಮೇಲೆ ಕುಳಿತವನೊಬ್ಬನನ್ನು ಮೂರು ಸಲ ಹುಡುಕಿದ. ಸಿಗಲಿಲ್ಲ.

ಹಳೆಯ ವ್ಯಾಪಾರಸ್ಥರ ಪಟ್ಟಿಯಲ್ಲಿ ಹೆಸರು ಬಂದವರಿಗೆ ಹೊಸ ಸಾಲಿನಲ್ಲಿ ಜಾಗ, ಬಾರದವರು ಗಂಟು ಕಟ್ಟಬೇಕು. ಶನಿವಾರ ಮಧ್ಯಾಹ್ನ ಒಂದಕ್ಕೆ ಪಟ್ಟಿ ಮುಗಿಯುತ್ತದೆ. ಸರ್ವೆಗೆ ಬಂದ ಸುಧೀರ ಎಂಬ ಹುಡುಗುಮುಖದ ಸಾಹೇಬ ಬುಧವಾರ ಅವನ ಮುಂದೆ ನಿಂತ.

“ಚಾಚಾ, ಹತ್ತು ವರ್ಷದ ಹಿಂದಿಂದ ಇಲ್ಲೇ ಕುಂಡರ್ತೀರಿ ಅನ್ನೂದಕ್ಕ ಏನರ ದಾಖಲೆ ಐತೇನ್ರಿ? ಪಾವತಿ, ಲೈಸನ್ಸ, ಹಳೇ ಫೋಟೋ?”

ಏನೂ ಇರಲಿಲ್ಲ. ಊರವರ ಹೆಸರನ್ನೆಲ್ಲ ಕೆತ್ತಿದವನ ಹೆಸರು ಎಲ್ಲಿಯೂ ಇರಲಿಲ್ಲ. ದೀಪದ ಬುಡಕ್ಕೆ ಕತ್ತಲೆ ಎನ್ನುವುದು ಇದಕ್ಕೇ. ಸೈಫುದ್ದೀನ ಮನೆಗೆ ಓಡಿ ಹೋಗಿ ಹೆಂಡತಿ ರೋಶನಬಿಯ ಸ್ಟೀಲಿನ ಪರಾತ ತಂದ. ಅದರ ಮೇಲೆ ಅವಳ ಹೆಸರು, ತೊಂಬತ್ತಾರನೇ ಇಸವಿ, ಸ್ಟೇಷನ್ ರಸ್ತೆ ಎಲ್ಲ ಇತ್ತು. ಒಮ್ಮೆಯೂ ಬಳಸದೆ ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟಿದ್ದರಿಂದ ಚುಕ್ಕಿಗಳು ಫಳಫಳ ಹೊಳೆಯುತ್ತಿದ್ದವು.

“ಕೆತ್ತಿದವರು ನೀವ, ತಾರೀಖ ಹಾಕಿದವರೂ ನೀವ,” ಸುಧೀರ ಪರಾತ ತಿರುಗಿಸಿ ನೋಡಿದ. “ನಿನ್ನೆ ಕೆತ್ತಿಲ್ಲ ಅಂತ ನಾ ಮ್ಯಾಲಿನವರಿಗೆ ಹ್ಯಾಂಗ ಹೇಳ್ಲಿ? ಮಗ್ಗಲದವರ ಸಾಕ್ಷಿನೂ ನಡಿಯಂಗಿಲ್ಲ. ನಿಮಗ ಅವರು, ಅವರಿಗೆ ನೀವು ಹೇಳ್ತೀರಿ. ಹೊರಗಿನವರು ಯಾರರ ಬರಬೇಕು. ಸರಕಾರಿ ನೌಕರರಾದ್ರ ಇನ್ನೂ ಚಲೋ. ಬಂದು ಬರದು ಸಹಿ ಮಾಡಿದ್ರ ನಾ ಹೆಸರು ಹಚ್ಚತೀನಿ.”

ಹುಡುಗ ಕೆಟ್ಟವನಲ್ಲ, ಆಡಿದ ಮಾತೂ ಸುಳ್ಳಲ್ಲ. ಅದಕ್ಕೇ ಅದು ಹೆಚ್ಚು ಚುಚ್ಚಿತು. ಇಷ್ಟು ವರ್ಷ ಅನ್ನ ಹಾಕಿದ ಕೈಚಳಕವೇ ಇವತ್ತು ವೈರಿಯಾಗಿ ನಿಂತಿತ್ತು.

ಸಂಜೆ ರೊಟ್ಟಿ ಮುರಿಯುವಾಗ ರೋಶನಬಿ ಕೇಳಿದಳು. “ಇಷ್ಟು ಮಂದಿ ಬಂದು ಹೋಗ್ಯಾರ. ಒಬ್ಬರ ಮುಖಾನರ ನೆನಪಿಲ್ಲೇನ್ರಿ?”

ನೆನಪಿತ್ತು. ಮರೆಯಬೇಕೆಂದು ಹೆಣಗಿದ ಮುಖ ಅದೊಂದೇ.

ತೊಂಬತ್ತೊಂಬತ್ತರ ಮೇ ತಿಂಗಳು, ಲಗ್ನದ ಭರಾಟೆ. ಬಬಲೇಶ್ವರದ ರಾಧಾಬಾಯಿಯ ಭಾಂಡೆ, ತಿಕೋಟಾದ ತಿಪ್ಪವ್ವನ ಭಾಂಡೆ ಎರಡೂ ಅಕ್ಕಪಕ್ಕ ಕುಳಿತಿದ್ದವು. ಎರಡರಲ್ಲೂ ಒಂದೇ ಅಳತೆಯ ಹಿತ್ತಾಳೆ ಕೊಡ, ಕೊಡದ ಬಾಯಲ್ಲಿ ಹೆಸರಿನ ಚೀಟಿ. ಎಲ್ಲಿತ್ತೋ ಏನೋ, ಒಂದು ಸುಳಿಗಾಳಿ ಬಂದು ಚೀಟಿಗಳನ್ನು ಹಾರಿಸಿತು. ಅವನು ಆರಿಸಿ ತಂದು ಅಂದಾಜಿನ ಮೇಲೆ ಒಳಗೆ ಹಾಕಿದ. ಹೆಸರು ಅದಲುಬದಲಾದವು. ಲಗ್ನವಾದ ಮೂರನೆಯ ದಿನ ರಾಧಾಬಾಯಿ ತಂದೆಯನ್ನು ಕರೆದುಕೊಂಡು ಬಂದಳು. ಕೈಯ ಅರಿಸಿನ ಇನ್ನೂ ಹೋಗಿರಲಿಲ್ಲ. ಕೆರೆದು ಬೇರೆ ಕೆತ್ತಿಕೊಡುತ್ತೇನೆಂದು ಸೈಫುದ್ದೀನ ಕೈಮುಗಿದ. ಲಗ್ನದ ಭಾಂಡೆ ಕೆರೆಯುವುದು ಅಪಶಕುನ ಎಂದು ತಂದೆ ಬೈದು ಹೊರಟರು. ಹುಡುಗಿ ಆಡಿದ್ದು ಒಂದೇ ಮಾತು.

“ನಮ್ಮ ಅತ್ತಿ ನನ್ನ ತಿಪ್ಪವ್ವಾ ಅಂತನ ಕರಿಯಾಕತ್ತಾರ.”

ತಿಕೋಟಾದಿಂದ ಮಾತ್ರ ಯಾರೂ ಬರಲಿಲ್ಲ. ರಾಧಾಬಾಯಿ ಮುಂದೆ ಬಬಲೇಶ್ವರದಲ್ಲೇ ಸರಕಾರಿ ಸಾಲಿಯ ಶಿಕ್ಷಕಿ, ಎಲ್ಲರ ಬಾಯಾರು ಆದಳು ಎಂದು ಯಾರೋ ಹೇಳಿದ್ದರು. ಅಂದಿನಿಂದ ಬಬಲೇಶ್ವರದ ಭಾಂಡೆ ಬಂದರೆ ಸೈಫುದ್ದೀನ ಚೀಟಿಯನ್ನು ಮೂರು ಸಲ ಓದುತ್ತಿದ್ದ.

ಗುರುವಾರ ಬಬಲೇಶ್ವರದ ಬಸ್ಸು ಹತ್ತಿದ. ಒಬ್ಬಳ ಸಂಸಾರದಲ್ಲಿ ಮುಳ್ಳು ಬಿತ್ತಿ, ಇಪ್ಪತ್ತಾರು ವರ್ಷದ ಮೇಲೆ ಅವಳ ಹತ್ತಿರವೇ ನೆರಳು ಕೇಳಲು ಹೊರಟ ತನ್ನ ಮುಖಕ್ಕೆ ನಾಚಿಕೆ ಬೇಡವೇ? ಕೊಲ್ಹಾರದ ಕಡೆಗೆ ಹೋಗುವ ಇನ್ನೊಂದು ಬಸ್ಸಿನಲ್ಲಿ ಕುಳಿತು ಎಲ್ಲಿಯಾದರೂ ಇಳಿದುಬಿಡಲೇ ಅನ್ನಿಸಿತು.

ರಾಧಾಬಾಯಿ ಸಾಲಿಯ ಪಡಸಾಲೆಯಲ್ಲಿ ನೋಟುಬುಕ್ಕು ತಿದ್ದುತ್ತಿದ್ದಳು. ಕನ್ನಡಕ ಬಂದಿತ್ತು, ಕೂದಲು ನೆರೆತಿತ್ತು. ಅವನು ಹೆಸರು ಹೇಳುವ ಮೊದಲೇ ಗುರುತು ಹಿಡಿದಳು. ಅವನು ತಡವರಿಸುತ್ತ ಎಲ್ಲ ಹೇಳಿದ. ಕೆಂಪು ಪೆನ್ನು ಒಮ್ಮೆಯೂ ನಿಲ್ಲಲಿಲ್ಲ.

“ಶನಿವಾರ ಒಂದು ಗಂಟೆಕ್ಕೇನು?”

“ಹೂನ್ರಿ ಬಾಯಾರ.”

“ನೋಡ್ತೀನಿ.”

ನಮ್ಮ ಕಡೆಯ ‘ನೋಡ್ತೀನಿ’ಗೆ ನೂರು ಅರ್ಥ. ಖಂಡಿತ ಬರುತ್ತೇನೆ ಎಂಬುದರಿಂದ ಹಿಡಿದು ನಿನ್ನನ್ನು ಒಂದು ಕೈ ನೋಡಿಕೊಳ್ಳುತ್ತೇನೆ ಎಂಬುದರವರೆಗೆ ಎಲ್ಲವೂ ಅದರಲ್ಲಿ ಸೇರುತ್ತದೆ. ಎರಡು ದಿನ ಸೈಫುದ್ದೀನ ಆ ಒಂದು ಮಾತನ್ನೇ ಜಗಿದ. ರೊಟ್ಟಿ ಇಳಿಯಲಿಲ್ಲ.

ಶನಿವಾರ ಬೆಳಗಿನಿಂದ ಕೂಲಿಯವರು ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುತ್ತ ಬಂದರು. ಗೆರೆ ನೇರವಾಗಿ ರೇವಪ್ಪನ ಮೆಟ್ಟಿಲ ಮೇಲೆಯೇ ಹಾಯಿತು. ಹನ್ನೆರಡಾಯಿತು, ಹನ್ನೆರಡೂವರೆಯಾಯಿತು. ಶನಿವಾರ ಮುಂಜಾನೆ ಸಾಲಿ, ಬಿಟ್ಟು ಎಷ್ಟೋ ಹೊತ್ತಾಗಿರಬೇಕು. ಬರುವವಳಾಗಿದ್ದರೆ ಇಷ್ಟೊತ್ತಿಗೆ ಬರುತ್ತಿದ್ದಳು. ಆಟೋ ನಿಂತಾಗಲೆಲ್ಲ ಅವನು ಎದ್ದು ನಿಲ್ಲುವನು, ಯಾರೋ ಇಳಿದರೆ ಮತ್ತೆ ಕೂರುವನು. ಆಚೆ ಸುಧೀರ ಮೇಜಿನ ಮೇಲಿನ ಕಾಗದ ಜೋಡಿಸತೊಡಗಿದ.

ಒಂದಕ್ಕೆ ಐದು ನಿಮಿಷವಿದ್ದಾಗ ರಾಧಾಬಾಯಿ ಆಟೋದಿಂದ ಇಳಿದಳು. ಬಗಲಲ್ಲಿ ಹಿತ್ತಾಳೆ ಕೊಡ. ಮೇಜಿನ ಕಡೆ ನೋಡದೆ ನೇರ ಮೆಟ್ಟಿಲಿಗೆ ಬಂದಳು.

“ಏನ್ರಿ ಸೈಫುದ್ದೀನ್, ನೆನಪದ ಇಲ್ಲೋ ಈ ಕೊಡ? ಒಂದು ಚೀಟಿ ನೆಟ್ಟಗ ಓದಾಕ ಬರಲಿಲ್ಲ ನಿಮಗ! ನಮ್ಮ ಅತ್ತಿ ಸಾಯೂತನಕಾ ನನ್ನ ತಿಪ್ಪವ್ವಾ ಅಂದ್ರು. ಬಂದ ಬೀಗರ ಮುಂದ, ಸಾಲಿ ಮಕ್ಕಳ ಮುಂದ!”

ಸಾಲಿನ ಜನವೆಲ್ಲ ಕೂಡಿತು. ಸೈಫುದ್ದೀನನ ತಲೆ ಎದೆಗೆ ಇಳಿಯಿತು. ಮುಗಿಯಿತು, ತನ್ನನ್ನು ಹೂಳಲೆಂದೇ ಬಂದಿದ್ದಾಳೆ ಎಂದುಕೊಂಡ. ಸುಧೀರ ಮೇಜು ಬಿಟ್ಟು ಓಡಿ ಬಂದ.

“ಮೇಡಂ, ಏನಾತ್ರಿ?”

“ಏನಾತಾ? ತೊಂಬತ್ತೊಂಬತ್ತನೇ ಇಸವಿ ಮೇ ತಿಂಗಳ. ಇದ ಮೆಟ್ಟಲ, ಇದ ಮನಷ್ಯಾ. ನನ್ನ ಲಗ್ನದ ಕೊಡದ ಮ್ಯಾಲ ಯಾವಾಕಿದೋ ಹೆಸರು ಕೆತ್ತಿ ಕೊಟ್ಟಾರ. ನಮ್ಮಪ್ಪ ಇಲ್ಲೇ ನಿಂತು ಬೈದು ಹೋಗ್ಯಾರ!”

ಸುಧೀರ ಕೊಡ ತೆಗೆದುಕೊಂಡ. ಇಪ್ಪತ್ತಾರು ವರ್ಷ ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಚುಕ್ಕಿಗಳು ಸವೆದು ಹೋಗಿದ್ದವು. ಹೆಸರು, ತಾರೀಖು ಬೆರಳಿಗೆ ತಿಳಿಯುತ್ತಿದ್ದವೇ ಹೊರತು ಕಣ್ಣಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ನಿನ್ನೆ ಕೆತ್ತಿದ್ದು ಎಂದು ಯಾವ ಸಾಹೇಬನೂ ಹೇಳುವಂತಿರಲಿಲ್ಲ.

“ಇದನ್ನೆಲ್ಲ ಬರದು ಸಹಿ ಮಾಡ್ತೀರೇನ್ರಿ ಮೇಡಂ?”

“ಮತ್ತ ಯಾಕ ಬಂದೀನಿ?”

ರಾಧಾಬಾಯಿ ಮೇಜಿಗೆ ಹೋಗಿ ದುಂಡಗಿನ ಅಕ್ಷರದಲ್ಲಿ ಪುಟ ತುಂಬ ಬರೆದಳು. ಅತ್ತೆಯ ಮಾತನ್ನೂ ಬಿಡಲಿಲ್ಲ. ಸಹಿ ಹಾಕಿ, ಸಾಲಿಯ ಹೆಸರು ಬರೆದಳು. ಸುಧೀರ ಪಟ್ಟಿಯಲ್ಲಿ ನಲವತ್ತಮೂರನೆಯ ಹೆಸರು ಹಚ್ಚಿದ. “ಪಟ್ಟಿಯೊಳಗ ಬಂದ್ರಿ ಚಾಚಾ. ಜಾಗ ಎಲ್ಲಿ ಕೊಡ್ತಾರ, ಯಾವಾಗ ಕೊಡ್ತಾರ, ಅದು ನನ್ನ ಕೈಯಾಗಿಲ್ಲ,” ಎಂದು ಕಾಗದ ಕಟ್ಟಿದ.

ಸೈಫುದ್ದೀನನ ಕಣ್ಣು ತುಂಬಿದ್ದವು. ರಾಧಾಬಾಯಿ ಕೊಡವನ್ನು ಸುಣ್ಣದ ಗೆರೆಯ ಮೇಲೆಯೇ ಇಟ್ಟಳು.

“ಕುಂಡರ್ರಿ. ಈಗರ ನನ್ನ ಹೆಸರು ಕೆತ್ತರಿ.”

ಅವನು ಹಳೆಯ ಹೆಸರನ್ನು ಕೆರೆಯಲು ಕಾನಸು ತೆಗೆದ. ಅವಳು ಕೊಡಕ್ಕೆ ಅಂಗೈ ಅಡ್ಡ ಹಿಡಿದಳು.

“ಬ್ಯಾಡ, ಅಕಿ ಹೆಸರು ಇರ್ಲಿ. ಇಪ್ಪತ್ತಾರು ವರ್ಷ ಅಕಿ ಜೋಡಿನ ಸಂಸಾರ ಮಾಡೀನಿ. ಬಾಜೂಕ ನನ್ನದು ಹಾಕರಿ.”

ಸೈಫುದ್ದೀನ ಉಳಿ ಎತ್ತಿದವನು ತಡೆದ. “ಒಂದು ಚೀಟಿ ಮ್ಯಾಲ ಬರದು ಕೊಡ್ರಿ ಬಾಯಾರ,” ಎಂದ.

ಅವಳು ಬರೆದುಕೊಟ್ಟಳು. ಅವನು ಮೂರು ಸಲ ಓದಿ, ಗಾಳಿಗೆ ಹಾರದಂತೆ ಅದನ್ನು ಮೊಣಕಾಲ ಕೆಳಗೆ ಒತ್ತಿಟ್ಟುಕೊಂಡು, ಮೊದಲ ಚುಕ್ಕಿ ಹಾಕಿದ.